ಡೊಮೈನ್ ಅವಧಿ ಮುಗಿದರೆ ಏನಾಗುತ್ತದೆ? ಪದೇ ಪದೇ ಕೇಳುವ ಪ್ರಶ್ನೆಗಳು

ಬಳ್ಳಾರಿಯ ಜೀನ್ಸ್ ಘಟಕದವರು, ಗಂಗಾವತಿ, ಕಾರಟಗಿ ಕಡೆಯ ಅಕ್ಕಿ ಗಿರಣಿಯವರು, ಆನೆಗೊಂದಿಯ ಹೋಮ್‌ಸ್ಟೇಯವರು, ರಾಯಚೂರಿನ ಶಾಲೆಯವರು ಫೋನಿನಲ್ಲಿ, ವಾಟ್ಸಾಪ್‌ನಲ್ಲಿ, ಚಹಾ ಕುಡಿಯುತ್ತಾ ಕೇಳಿದ ಪ್ರಶ್ನೆಗಳು ಇವು. ಅವರ ಮಾತಿನಲ್ಲೇ ಇಟ್ಟಿದ್ದೇನೆ. ಸುಲಭದ್ದು ಮೊದಲು, ತಲೆ ತಿನ್ನುವುದು ಕೊನೆಗೆ. ನಿಮ್ಮ ಡೊಮೈನ್ ಈಗಾಗಲೇ ಬಂದ್ ಆಗಿದ್ದರೆ ನೇರವಾಗಿ ಎರಡನೇ ಭಾಗಕ್ಕೆ ಹೋಗಿ. ಅಲ್ಲಿ ಒಂದೊಂದು ದಿನವೂ ಲೆಕ್ಕಕ್ಕೆ ಬರುತ್ತದೆ.

## ಮೊದಲು ತಿಳಿಯಬೇಕಾದದ್ದು

ಡೊಮೈನ್ ಬ್ಯಾರೆ, ವೆಬ್‌ಸೈಟ್ ಬ್ಯಾರೆ ಏನ್ರಿ? ನಾವು ಎರಡೂ ಒಂದೇ ಅನ್ಕೊಂಡಿದ್ವಿ.

ಬೇರೆ ಬೇರೆ. ಡೊಮೈನ್ ಅಂದರೆ ನಿಮ್ಮ ಹೆಸರು, ವಿಳಾಸ. ಹೋಸ್ಟಿಂಗ್ ಅಂದರೆ ನಿಮ್ಮ ಪುಟ, ಫೋಟೊ, ಫೈಲು ಇಡುವ ಜಾಗ. ಎರಡಕ್ಕೂ ಬೇರೆ ಹಣ, ಬೇರೆ ಕೊನೆಯ ತಾರೀಖು, ಎಷ್ಟೋ ಸಲ ಬೇರೆ ಕಂಪನಿ. "ಮೊನ್ನೆ ತಾನೇ ದುಡ್ಡು ಕಟ್ಟಿದೀವಲ್ಲ" ಅನ್ನುವವರು ಸಾಮಾನ್ಯವಾಗಿ ಹೋಸ್ಟಿಂಗಿಗೆ ಕಟ್ಟಿರುತ್ತಾರೆ. ಹೋಸ್ಟಿಂಗ್ ನಿಂತರೆ ಪುಟ ಹೋಗುತ್ತದೆ. ಬ್ಯಾಕಪ್ ಇದ್ದರೆ ಇನ್ನೊಂದು ಕಡೆ ಏರಿಸಬಹುದು. ಡೊಮೈನ್ ಹೋದರೆ ಹೆಸರೇ ಹೋಗುತ್ತದೆ. ಅದಕ್ಕೆ ಬ್ಯಾಕಪ್ ಅನ್ನುವುದೇ ಇಲ್ಲ.

ಒಮ್ಮೆ ದುಡ್ಡು ಕೊಟ್ಟು ತಗೊಂಡ ಮ್ಯಾಲೆ ಅದು ನಮ್ಮದೇ ಅಲ್ವಾ?

ಅಲ್ಲ. ಅದು ಬಾಡಿಗೆ ಮಳಿಗೆ ಇದ್ದ ಹಾಗೆ. ಬಾಡಿಗೆ ಕಟ್ಟುವವರೆಗೆ ಬೋರ್ಡು ನಿಮ್ಮದು. ಡಾಟ್ ಕಾಮ್ ಆಗಲಿ, ಡಾಟ್ ಇನ್ ಆಗಲಿ, ಒಂದು ವರ್ಷದಿಂದ ಹತ್ತು ವರ್ಷದವರೆಗೆ ಮಾತ್ರ ಕೊಡುತ್ತಾರೆ. ಶಾಶ್ವತವಾಗಿ ಯಾರಿಗೂ ಕೊಡುವುದಿಲ್ಲ. ಡಾಟ್ ಇನ್ ಹೆಸರುಗಳನ್ನು ನಡೆಸುವುದು ನಿಕ್ಸಿ ಅನ್ನುವ ಸಂಸ್ಥೆ. ಡಾಟ್ ಕಾಮ್ ನಡೆಸುವುದು ವೆರಿಸೈನ್. ಡಾಟ್ ಕಾಮ್‌ನಂಥ ಹೆಸರುಗಳಿಗೆ ನಿಯಮ ಮಾಡುವುದು ಐಕ್ಯಾನ್. ನೀವು ಹಣ ಕಟ್ಟುವ ಕಂಪನಿಗೆ ರಿಜಿಸ್ಟ್ರಾರ್ ಅನ್ನುತ್ತಾರೆ. ನಿಮಗೆ ಕೆಲಸ ಬೀಳುವುದು ಅವರ ಹತ್ತಿರ ಮಾತ್ರ.

ವರ್ಷಕ್ಕ ಎಷ್ಟು ಬೀಳ್ತದ? 99 ರೂಪಾಯಿ ಅಂತ ಜಾಹೀರಾತು ನೋಡಿದ್ದೆ.

ಆ 99 ರೂಪಾಯಿ ಮೊದಲ ವರ್ಷಕ್ಕೆ ಮಾತ್ರ. ಎರಡನೇ ವರ್ಷದಿಂದ ಮಾಮೂಲಿ ದರ, ಮೇಲೆ 18% ಜಿಎಸ್‌ಟಿ. ಕೊಳ್ಳುವಾಗ ಮೊದಲ ವರ್ಷದ ಬೆಲೆ ಬಿಡಿ, ರಿನ್ಯೂವಲ್ ಬೆಲೆ ಎಷ್ಟು ಅಂತ ನೋಡಿ.

ನಮ್ಮ ಡೊಮೈನ್ ಯಾವಾಗ ಮುಗೀತದ ಅಂತ ನೋಡೋದು ಹೆಂಗ?

ರಿಜಿಸ್ಟ್ರಾರ್ ಖಾತೆಗೆ ಲಾಗಿನ್ ಆದರೆ ಅಲ್ಲೇ ಕಾಣುತ್ತದೆ. ಲಾಗಿನ್ ಯಾರ ಹತ್ತಿರ ಇದೆ ಅಂತಲೇ ಗೊತ್ತಿಲ್ಲದಿದ್ದರೆ ಐಕ್ಯಾನ್‌ನ ಲುಕಪ್ ಪುಟದಲ್ಲಿ ಹೆಸರು ಹಾಕಿ ನೋಡಿ. ಹಣ ಕೊಡಬೇಕಿಲ್ಲ. ಮೊದಲು ಇದಕ್ಕೆ ಹೂಈಸ್ ಅನ್ನುತ್ತಿದ್ದರು. 2025ರ ಜನವರಿಯಿಂದ ಡಾಟ್ ಕಾಮ್‌ನಂಥ ಹೆಸರುಗಳಿಗೆ ಆರ್‌ಡಿಎಪಿ ಅನ್ನುವ ಹೊಸ ವ್ಯವಸ್ಥೆ ಬಂದಿದೆ. ಮಾಲೀಕರ ಹೆಸರು ಈಗ ಬಹುತೇಕ ಮುಚ್ಚಿರುತ್ತದೆ. ಆದರೆ ಕೊನೆಯ ತಾರೀಖು, ರಿಜಿಸ್ಟ್ರಾರ್ ಯಾರು, ಡೊಮೈನ್ ಯಾವ ಸ್ಥಿತಿಯಲ್ಲಿದೆ, ಈ ಮೂರೂ ಕಾಣುತ್ತವೆ. ಸದ್ಯಕ್ಕೆ ಅಷ್ಟು ಸಾಕು.

## ತಾರೀಖು ದಾಟಿದ ಮೇಲೆ

ತಾರೀಖು ಮುಗಿದು ನಾಲ್ಕು ದಿನ ಆತು. ಸೈಟ್ ಇನ್ನೂ ಓಪನ್ ಆಗಾಕತ್ತೈತಿ. ಅಂದ್ರ ಏನೂ ತೊಂದ್ರಿ ಇಲ್ಲಲ್ಲ?

ತೊಂದರೆ ಇದೆ. ಈಗಲೇ ಹಣ ಕಟ್ಟಿ. ಕೆಲವು ರಿಜಿಸ್ಟ್ರಾರ್‌ಗಳು ತಾರೀಖು ಮುಗಿದ ಮಾರನೇ ದಿನವೇ ಬಂದ್ ಮಾಡುತ್ತಾರೆ, ಕೆಲವರು ಕೆಲವು ದಿನ ಬಿಡುತ್ತಾರೆ. ಐಕ್ಯಾನ್ ನಿಯಮದ ಪ್ರಕಾರ, ಹೆಸರನ್ನು ಅಳಿಸುವ ಮೊದಲು ನೀವು ಇನ್ನೂ ರಿನ್ಯೂ ಮಾಡಬಹುದಾದ ಅವಧಿಯ ಕೊನೆಯ 8 ದಿನವಾದರೂ ಸೈಟನ್ನು ನಿಲ್ಲಿಸಲೇಬೇಕು. ಮಾಲೀಕನಿಗೆ ಎಚ್ಚರ ಆಗಲಿ ಅಂತಲೇ ಆ ನಿಯಮ. ಹಾಗಾಗಿ ಸೈಟ್ ಬಂದ್ ಆಗಿ, ಅದರ ಜಾಗದಲ್ಲಿ ಜಾಹೀರಾತಿನ ಪುಟ ಬಂದರೆ ಅದನ್ನು ಕೊನೆಯ ಗಂಟೆ ಅಂದುಕೊಳ್ಳಿ. "ಸರ್ವರ್ ಡೌನ್ ಇರಬೇಕು, ನಾಳೆ ಸರಿ ಆಗ್ತದೆ" ಅಂತ ವಾರ ಕಳೆದವರೇ ಜಾಸ್ತಿ.

ಪೂರ್ತಿ ಕೈ ತಪ್ಪಾಕ ಎಷ್ಟು ದಿನ ಇರ್ತೈತ್ರಿ?

ಡಾಟ್ ಕಾಮ್ ಲೆಕ್ಕ ಹೇಳುತ್ತೇನೆ. ತಾರೀಖು ಮುಗಿದ ಮೇಲೆ ಹೆಚ್ಚೆಂದರೆ 45 ದಿನ ಗ್ರೇಸ್ ಅವಧಿ. ಆಗ ಮಾಮೂಲಿ ದರಕ್ಕೇ ರಿನ್ಯೂ ಮಾಡಬಹುದು, ಕೆಲವರು ಸ್ವಲ್ಪ ದಂಡ ಹಾಕುತ್ತಾರೆ. ಆಮೇಲೆ ಹೆಸರನ್ನು ಅಳಿಸಿದರೆ 30 ದಿನ ರಿಡೆಂಪ್ಷನ್ ಅವಧಿ. ಆಗಲೂ ವಾಪಸ್ ತರಬಹುದು, ಆದರೆ ರಿನ್ಯೂವಲ್ ಹಣದ ಜೊತೆ ಹಲವು ಸಾವಿರ ರೂಪಾಯಿ ರಿಡೆಂಪ್ಷನ್ ಶುಲ್ಕ ಬೀಳುತ್ತದೆ. ಕೊನೆಗೆ 5 ದಿನ ಪೆಂಡಿಂಗ್ ಡಿಲೀಟ್. ಆಗ ಯಾರೂ ಏನೂ ಮಾಡಲು ಬರುವುದಿಲ್ಲ. ಆರನೇ ದಿನ ಹೆಸರು ಬಯಲಿಗೆ ಬೀಳುತ್ತದೆ, ಮೊದಲು ಕೈಹಾಕಿದವರಿಗೆ ಸಿಗುತ್ತದೆ. ಮನುಷ್ಯರಿಗಿಂತ ಮೊದಲು ಸಾಫ್ಟ್‌ವೇರ್‌ಗಳೇ ಕೈಹಾಕಿರುತ್ತವೆ.

ಒಟ್ಟು ಸೇರಿಸಿದರೆ 80 ದಿನ ಆಯಿತಲ್ಲ ಅಂತ ಆರಾಮಾಗಿ ಕೂರಬೇಡಿ. 45 ಅನ್ನುವುದು ಗರಿಷ್ಠ. ರಿಜಿಸ್ಟ್ರಾರ್ ಅದನ್ನು ಎಷ್ಟು ಬೇಕಾದರೂ ಕಡಿಮೆ ಮಾಡಬಹುದು. ಬಹಳಷ್ಟು ದೊಡ್ಡ ರಿಜಿಸ್ಟ್ರಾರ್‌ಗಳು ಗ್ರೇಸ್ ಅವಧಿಯೊಳಗೇ ಹೆಸರನ್ನು ಹರಾಜಿಗೆ ಇಡುತ್ತಾರೆ. ಹರಾಜಿನಲ್ಲಿ ಹೋದ ಹೆಸರು ಅಳಿಸುವ ಹಂತಕ್ಕೆ ಬರುವುದೇ ಇಲ್ಲ, ನೇರವಾಗಿ ಕೊಂಡವರ ಖಾತೆಗೆ ಹೋಗುತ್ತದೆ. ಅಂದರೆ ಆ 30 ದಿನದ ರಿಡೆಂಪ್ಷನ್ ನಿಮಗೆ ಸಿಗುವುದೇ ಇಲ್ಲ. ಡಾಟ್ ಇನ್‌ಗೂ ಹೆಚ್ಚುಕಡಿಮೆ ಇದೇ ಮೆಟ್ಟಿಲುಗಳು. ನಿಮ್ಮ ರಿಜಿಸ್ಟ್ರಾರ್ ಷರತ್ತುಗಳಲ್ಲಿ ದಿನಗಳ ಲೆಕ್ಕ ಬರೆದಿರುತ್ತದೆ. ಅದೊಂದು ಪುಟ ಓದಿ.

ನೋಟಿಸ್ ಬಂದೇ ಇಲ್ರಿ. ತಿಳಿಸದಂಗ ಹೆಂಗ ಬಂದ್ ಮಾಡಿದ್ರು?

ಬಹುಶಃ ತಿಳಿಸಿರುತ್ತಾರೆ, ನಿಮಗಲ್ಲ ಅಷ್ಟೇ. ಡಾಟ್ ಕಾಮ್‌ನಂಥ ಹೆಸರುಗಳಿಗೆ ಸುಮಾರು ಒಂದು ತಿಂಗಳು ಮೊದಲು ಒಂದು, ಒಂದು ವಾರ ಮೊದಲು ಒಂದು, ಮುಗಿದ 5 ದಿನದೊಳಗೆ ಇನ್ನೊಂದು ನೋಟಿಸ್ ಕಳಿಸಲೇಬೇಕು ಅಂತ ನಿಯಮ ಇದೆ. ಅವು ಹೋಗುವುದು ನೋಂದಣಿಯಲ್ಲಿರುವ ಇಮೇಲ್‌ಗೆ. ಅದು ಸೈಟ್ ಮಾಡಿಕೊಟ್ಟವರದೋ, ಕೆಲಸ ಬಿಟ್ಟುಹೋದ ಅಕೌಂಟೆಂಟ್‌ದೋ, ಪಾಸ್‌ವರ್ಡ್ ಮರೆತ ಹಳೆಯ ಮೇಲೋ ಆಗಿರುತ್ತದೆ.

ಇನ್ನೊಂದು ವಿಚಿತ್ರ ಇದೆ. ಕೆಲವರು ನೋಂದಣಿಗೆ ಅದೇ ಡೊಮೈನ್‌ನ ಇಮೇಲ್ ಕೊಟ್ಟಿರುತ್ತಾರೆ. ಡೊಮೈನ್ ಬಂದ್ ಆದಾಗ ಆ ಮೇಲೂ ಬಂದ್. ಕೊನೆಯ ಎಚ್ಚರಿಕೆ ಬರಬೇಕಾದ ಬಾಗಿಲೇ ಮುಚ್ಚಿರುತ್ತದೆ. ನೋಂದಣಿಗೆ ಯಾವಾಗಲೂ ಬೇರೆ ಇಮೇಲ್ ಕೊಡಿ. ಜಿಮೇಲ್ ಆದರೂ ಸರಿ.

ಆಟೋ ರಿನ್ಯೂ ಹಾಕಿದ್ದೆ, ಆದ್ರೂ ಹೋಯ್ತು. ಯಾಕೆ?

ನಮ್ಮ ದೇಶದಲ್ಲಿ ಇದಕ್ಕೆ ಒಂದು ವಿಶೇಷ ಕಾರಣ ಇದೆ. 2021ರ ಅಕ್ಟೋಬರ್ 1ರಿಂದ ಕಾರ್ಡಿನಿಂದ ತಾನಾಗಿ ಹಣ ಕಡಿತ ಆಗಬೇಕಾದರೆ ಆರ್‌ಬಿಐ ನಿಯಮದ ಪ್ರಕಾರ ಇ-ಮ್ಯಾಂಡೇಟ್, ಅಂದರೆ ನೀವು ಮೊದಲೇ ಆನ್‌ಲೈನ್‌ನಲ್ಲಿ ಕೊಟ್ಟ ಒಪ್ಪಿಗೆ, ಇರಬೇಕು. ಕಡಿತಕ್ಕೆ ಕನಿಷ್ಠ 24 ಗಂಟೆ ಮೊದಲು ಬ್ಯಾಂಕು ನಿಮಗೆ ತಿಳಿಸಬೇಕು. 15,000 ರೂಪಾಯಿ ದಾಟಿದರೆ ಪ್ರತಿ ಸಲ ಒಟಿಪಿ ಕೇಳುತ್ತದೆ. ವಿದೇಶಿ ರಿಜಿಸ್ಟ್ರಾರ್ ಈ ವ್ಯವಸ್ಥೆ ಮಾಡಿಕೊಂಡಿಲ್ಲ ಅಂದರೆ ಬ್ಯಾಂಕು ಸುಮ್ನೆ ಹಣ ನಿರಾಕರಿಸುತ್ತದೆ. ಖಾತೆಯಲ್ಲಿ ಹಣ ಇರುತ್ತದೆ, ಆಟೋ ರಿನ್ಯೂ ಬಟನ್ ಹಸಿರಾಗೇ ಇರುತ್ತದೆ, ಹಣ ಮಾತ್ರ ಹೋಗಿರುವುದಿಲ್ಲ. ಕಾರ್ಡಿನ ಅವಧಿ ಮುಗಿದು ಹೊಸ ಕಾರ್ಡು ಬಂದಿದ್ದರೂ ಇದೇ ಕಥೆ.

ನನ್ನ ಸಲಹೆ: ಆಟೋ ರಿನ್ಯೂ ಇರಲಿ, ಆದರೆ ಅದನ್ನು ನಂಬಬೇಡಿ. ಕೈಲಿ ಹಣ ಇದ್ದಾಗ ಮೂರೋ ಐದೋ ವರ್ಷಕ್ಕೆ ಒಟ್ಟಿಗೆ ಕಟ್ಟಿಬಿಡಿ. ಗಿರಣಿಯವರು ಸುಗ್ಗಿ ಮುಗಿದು ಲೆಕ್ಕ ಚುಕ್ತಾ ಮಾಡುವಾಗ ಇದನ್ನೂ ಆ ಪಟ್ಟಿಗೆ ಸೇರಿಸಿಕೊಳ್ಳಬಹುದು.

## ಹೋದರೆ ಆಗುವ ನಷ್ಟ

ನಮ್ದು ಸಣ್ಣ ವ್ಯಾಪಾರ. ನಮ್ಮ ಹೆಸರು ಯಾರಿಗೆ ಬೇಕ್ರಿ?

ನಿಮ್ಮ ಹೆಸರಿನ ಮೇಲೆ ಅವರಿಗೆ ಪ್ರೀತಿ ಇಲ್ಲ. ಅವರಿಗೆ ಬೇಕಾದದ್ದು ಹೆಸರಿನ ವಯಸ್ಸು. ಹಲವು ವರ್ಷ ನಡೆದ ಡೊಮೈನ್‌ಗೆ ಬೇರೆ ಸೈಟ್‌ಗಳಿಂದ ಲಿಂಕ್ ಇರುತ್ತವೆ, ಗೂಗಲ್‌ಗೆ ಅದರ ಪರಿಚಯ ಇರುತ್ತದೆ. ಜೂಜಿನ ಸೈಟಿನವರು, ನಕಲಿ ಔಷಧಿ ಮಾರುವವರು ಇಂಥ ಹೆಸರುಗಳನ್ನು ರಾಶಿಗಟ್ಟಲೆ ಕೊಳ್ಳುತ್ತಾರೆ. ನಿಮ್ಮ ಹಳೆಯ ಪುಟವನ್ನೇ, ಹಳೆಯ ವೆಬ್ ಪುಟಗಳ ಪ್ರತಿ ಇಡುವ ಇಂಟರ್ನೆಟ್ ಆರ್ಕೈವ್‌ನಿಂದ ತೆಗೆದು ಹಾಗೇ ಹಾಕಿ, ನಡುವೆ ತಮ್ಮ ಲಿಂಕ್ ಸೇರಿಸುವವರೂ ಇದ್ದಾರೆ.

ಈಗ ನಮ್ಮ ಕಡೆಯ ಪರಿಸ್ಥಿತಿ ನೋಡಿ. ಸೋನಾ ಮಸೂರಿಯ 25 ಕೆಜಿ ಚೀಲದ ಮೇಲೆ ವೆಬ್‌ಸೈಟ್ ಹೆಸರು, ಕ್ಯೂಆರ್ ಕೋಡ್ ಅಚ್ಚಾಗಿರುತ್ತದೆ. ಜೀನ್ಸ್ ಪ್ಯಾಂಟಿನ ಟ್ಯಾಗಿನ ಮೇಲೂ ಇರುತ್ತದೆ. ಚೀಲ ಒಮ್ಮೆ ಸಾವಿರಗಟ್ಟಲೆ ಅಚ್ಚಾದ ಮೇಲೆ ತಿದ್ದಲು ಆಗುತ್ತದಾ? ಡೊಮೈನ್ ಹೋದರೆ ಕೇರಳದ ಅಂಗಡಿಯಲ್ಲಿ ನಿಮ್ಮ ಚೀಲ ಕೊಂಡವರು ಕೋಡ್ ಸ್ಕ್ಯಾನ್ ಮಾಡಿದಾಗ ರಮ್ಮಿ ಆಟದ ಪುಟ ತೆರೆದುಕೊಳ್ಳುತ್ತದೆ. ಹೆಸರು ಮಾತ್ರ ನಿಮ್ಮದು.

ವೆಬ್‌ಸೈಟ್ ಹೋದ್ರ ಹೋಗ್ಲಿ. ಗಿರಾಕಿ ಎಲ್ಲಾ ವಾಟ್ಸಾಪ್‌ನಾಗ ಅದಾರ. ಚಿಂತಿ ಯಾಕ?

ಪುಟದ ಬಗ್ಗೆ ನನಗೂ ಅಷ್ಟು ಚಿಂತೆ ಇಲ್ಲ. ಚಿಂತೆ ಇರುವುದು ಇಮೇಲ್ ಬಗ್ಗೆ. ಡೊಮೈನ್ ಕಳೆದುಕೊಂಡವರು ಪುಟದ ಫೋಟೊಗಳಿಗಾಗಿ ಅಳುತ್ತಾರೆ. ನಿಜವಾದ ಅಪಾಯ ಕಣ್ಣಿಗೆ ಕಾಣದ ಕಡೆ ಇರುತ್ತದೆ.

ನಿಮ್ಮ ಡೊಮೈನ್ ಹೆಸರಿನಲ್ಲಿ "ಸೇಲ್ಸ್", "ಅಕೌಂಟ್ಸ್" ಅಂತ ಮೇಲ್ ಇದ್ದವು ಅಂದುಕೊಳ್ಳಿ. ಹೊಸದಾಗಿ ಡೊಮೈನ್ ಕೊಂಡವನು ಕ್ಯಾಚ್ ಆಲ್ ಅನ್ನುವ ಒಂದು ಸೆಟ್ಟಿಂಗ್ ಹಾಕಿದರೆ ಸಾಕು. ಆ ಹೆಸರಿಗೆ ಬರುವ ಪ್ರತಿ ಮೇಲ್ ಅವನ ಡಬ್ಬಿಗೆ ಬೀಳುತ್ತದೆ. ಹಳೆಯ ಮೇಲ್ ಅವನಿಗೆ ಸಿಗುವುದಿಲ್ಲ, ಅಷ್ಟರಮಟ್ಟಿಗೆ ಸಮಾಧಾನ. ಆದರೆ ಇನ್ನು ಮುಂದೆ ಬರುವುದೆಲ್ಲ ಅವನದೇ: ವ್ಯಾಪಾರಿಗಳ ವಿಚಾರಣೆ, ಬ್ಯಾಂಕಿನ ಸ್ಟೇಟ್‌ಮೆಂಟ್, ಸಾರಿಗೆಯವರ ಬಿಲ್ಲು, ಜಿಎಸ್‌ಟಿ ಪೋರ್ಟಲ್ಲಿನ ಒಟಿಪಿ.

ಅಲ್ಲಿಗೆ ನಿಲ್ಲುವುದಿಲ್ಲ. ಆ ಇಮೇಲ್ ಕೊಟ್ಟು ನೀವು ತೆರೆದ ಖಾತೆಗಳು ಎಷ್ಟಿವೆ? ಫೇಸ್‌ಬುಕ್ ಪೇಜ್, ಗೂಗಲ್ ಮ್ಯಾಪಿನ ಅಂಗಡಿ ವಿವರ, ಹೋಮ್‌ಸ್ಟೇ ಬುಕಿಂಗ್ ಖಾತೆ, ಆನ್‌ಲೈನ್ ಮಾರಾಟದ ಖಾತೆ. "ಪಾಸ್‌ವರ್ಡ್ ಮರೆತಿದ್ದೀರಾ?" ಒತ್ತಿದರೆ ಲಿಂಕ್ ಅವನಿಗೆ ಹೋಗುತ್ತದೆ. ಮೊಬೈಲ್ ಒಟಿಪಿ ಇಲ್ಲದ ಖಾತೆ ಒಂದೊಂದಾಗಿ ಅವನ ಕೈಗೆ ಹೋಗುತ್ತದೆ. ಯಾರ ಪಾಸ್‌ವರ್ಡನ್ನೂ ಕದಿಯಬೇಕಿಲ್ಲ, ಯಾವ ಕಂಪ್ಯೂಟರಿಗೂ ನುಗ್ಗಬೇಕಿಲ್ಲ.

ಇನ್ನೂ ಕೆಟ್ಟದ್ದು ಹಣದ್ದು. ಚೆನ್ನೈನ ಒಬ್ಬ ಸಗಟು ವ್ಯಾಪಾರಿ ವರ್ಷಗಳಿಂದ ನಿಮ್ಮ "ಅಕೌಂಟ್ಸ್" ಮೇಲಿನಿಂದ ಬಂದ ಬಿಲ್ಲಿಗೆ ಹಣ ಹಾಕುತ್ತಿದ್ದಾನೆ ಅಂದುಕೊಳ್ಳಿ. ಒಂದು ದಿನ ಅದೇ ವಿಳಾಸದಿಂದ "ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ, ಬಾಕಿಯನ್ನು ಇದಕ್ಕೆ ಹಾಕಿ" ಅಂತ ಬರುತ್ತದೆ. ವಿಳಾಸದಲ್ಲಿ ಒಂದು ಅಕ್ಷರವೂ ತಪ್ಪಿಲ್ಲ. ಅವನು ಯಾಕೆ ಅನುಮಾನ ಪಡಬೇಕು? ಹೀಗಾದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು. ಹಣ ಮುಂದಿನ ಖಾತೆಗೆ ಹೋಗುವ ಮೊದಲು ತಡೆಯಲು ಅದೇ ದಾರಿ. ಆಮೇಲೆ ಸೈಬರ್ ಅಪರಾಧ ನೋಡುವ ಜಿಲ್ಲೆಯ ಸಿಇಎನ್ ಪೊಲೀಸ್ ಠಾಣೆಗೆ ಹೋಗಿ.

ಬ್ರೌಸರ್‌ನಲ್ಲಿ ವಿಳಾಸದ ಪಕ್ಕ ಬೀಗದ ಗುರುತು ಇದ್ರೆ ಅಸಲಿ ಸೈಟ್ ಅಂತ ಅಲ್ವಾ?

ಅಲ್ಲ. ಆ ಗುರುತು ಹೇಳುವುದು ಇಷ್ಟೇ: ನಿಮ್ಮ ಫೋನಿಗೂ ಆ ಸೈಟಿಗೂ ನಡುವಿನ ಮಾತು ಬೇರೆಯವರಿಗೆ ಕೇಳುವುದಿಲ್ಲ. ಡೊಮೈನ್ ಯಾರ ಕೈಯಲ್ಲಿದೆಯೋ ಅವರಿಗೆ ಆ ಗುರುತಿಗೆ ಬೇಕಾದ ಪ್ರಮಾಣಪತ್ರ ಕೆಲವೇ ನಿಮಿಷಗಳಲ್ಲಿ, ಪುಕ್ಕಟೆಯಾಗಿ ಸಿಗುತ್ತದೆ. ಹೊಸ ಮಾಲೀಕನಿಗೂ ಸಿಗುತ್ತದೆ.

ದೊಡ್ಡ ಕಂಪನಿಗಳಿಗೂ ಹಿಂಗ ಆಗೈತೇನ್ರಿ?

ಆಗಿದೆ. 1999ರ ಡಿಸೆಂಬರ್‌ನಲ್ಲಿ ಮೈಕ್ರೋಸಾಫ್ಟ್ ಪಾಸ್‌ಪೋರ್ಟ್ ಡಾಟ್ ಕಾಮ್ ಅನ್ನು ರಿನ್ಯೂ ಮಾಡುವುದು ಮರೆತಿತ್ತು. ಹಾಟ್‌ಮೇಲ್ ಲಾಗಿನ್‌ಗೆ ಆ ಹೆಸರೇ ಬೇಕಿತ್ತು. ಕ್ರಿಸ್ಮಸ್ ಹೊತ್ತಿನಲ್ಲಿ ಮೈಕೆಲ್ ಚೇನಿ ಅನ್ನುವ ಲಿನಕ್ಸ್ ಪ್ರೋಗ್ರಾಮರ್ ತನ್ನ ಕಾರ್ಡಿನಿಂದ 35 ಡಾಲರ್ ಕಟ್ಟಿ ಸರಿ ಮಾಡಿದ. 2017ರಲ್ಲಿ ಮಾರ್ಕೆಟೊ ಅನ್ನುವ ಕಂಪನಿಯ ಡೊಮೈನ್ ಮುಗಿದಾಗಲೂ ಹಣ ಕಟ್ಟಿದ್ದು ಅದರ ಒಬ್ಬ ಗ್ರಾಹಕ.

ನಮಗೆ ಹತ್ತಿರದ್ದು ಬ್ಲಾಗ್‌ಸ್ಪಾಟ್ ಡಾಟ್ ಇನ್, ಜನ ಬ್ಲಾಗು ಬರೆಯುವ ಗೂಗಲ್ ತಾಣದ ವಿಳಾಸ. 2020ರಲ್ಲಿ ಅದು ಗೂಗಲ್ ಕೈಯಿಂದ ಜಾರಿ ಬೇರೆಯವರ ಪಾಲಾಯಿತು. ಆ ವಿಳಾಸದ ಲಿಂಕ್‌ಗಳೆಲ್ಲ ಮುರಿದವು. ಅದೇ ಬ್ಲಾಗು ಡಾಟ್ ಕಾಮ್ ವಿಳಾಸದಲ್ಲಿ ತೆರೆಯುತ್ತಿತ್ತು, ಆದರೆ ಅದು ಎಷ್ಟು ಜನ ಓದುಗರಿಗೆ ಗೊತ್ತಿರುತ್ತದೆ?

## ಬೀಗದ ಕೈ ಯಾರ ಹತ್ತಿರ ಇದೆ?

ಸೈಟ್ ಮಾಡಿಕೊಟ್ಟ ಹುಡುಗ ಬೆಂಗಳೂರಿಗೆ ಹೋದ. ಡೊಮೈನ್ ಅವನ ಹೆಸರಿನ್ಯಾಗ ಐತಿ. ಏನ್ ಮಾಡ್ಬೇಕ್ರಿ?

ಬಳ್ಳಾರಿ, ಕೊಪ್ಪಳ, ರಾಯಚೂರು ಈ ನಮ್ಮ ಮೂರೂ ಜಿಲ್ಲೆಗಳಲ್ಲಿ ನಾನು ಅತಿ ಹೆಚ್ಚು ಕೇಳಿದ ಪ್ರಶ್ನೆ ಇದೇ. ಹುಡುಗ ಮೋಸ ಮಾಡಬೇಕು ಅಂತ ಹೀಗೆ ಮಾಡಿರುವುದಿಲ್ಲ. ಆವತ್ತು ಮಾಲೀಕರ ಹತ್ತಿರ ಕಾರ್ಡು ಇರಲಿಲ್ಲ, ಇಮೇಲ್ ಇರಲಿಲ್ಲ, ತನ್ನದೇ ಖಾತೆಯಲ್ಲಿ ಕೊಂಡ. ಆದರೆ ನಿಯಮದ ಕಣ್ಣಿಗೆ ನೋಂದಣಿಯಲ್ಲಿ ಯಾರ ಹೆಸರಿದೆಯೋ ಅವರೇ ಹಕ್ಕುದಾರರು. ಬಿಲ್ಲು ನೀವು ಕಟ್ಟಿದ್ದೀರಿ ಅನ್ನುವುದನ್ನು ರಿಜಿಸ್ಟ್ರಾರ್ ಕೇಳುವುದಿಲ್ಲ.

ಜಗಳ ಬೇಡ. ಅವನ ಜೊತೆ ಮಾತು ಚೆನ್ನಾಗಿರುವಾಗಲೇ ಕೆಲಸ ಮುಗಿಸಿ. ನೀವೇ ಅದೇ ರಿಜಿಸ್ಟ್ರಾರ್ ಹತ್ತಿರ ಒಂದು ಖಾತೆ ತೆರೆಯಿರಿ. "ತಮ್ಮಾ, ಡೊಮೈನನ್ನ ನನ್ನ ಖಾತೆಗೆ ಹಾಕಿಕೊಡು" ಅನ್ನಿ. ಒಂದೇ ರಿಜಿಸ್ಟ್ರಾರ್ ಒಳಗೆ ಖಾತೆ ಬದಲಿಸುವುದು ಸುಲಭ. ಬೇರೆ ರಿಜಿಸ್ಟ್ರಾರ್‌ಗೆ ಒಯ್ಯಬೇಕಾದರೆ ಈಗಿನ ರಿಜಿಸ್ಟ್ರಾರ್ ಕೊಡುವ ಆಥ್ ಕೋಡ್ ಅನ್ನುವ ಗುಪ್ತ ಕೋಡ್ ಬೇಕು. ಡಾಟ್ ಕಾಮ್‌ಗೆ ಅದನ್ನು ಕೇಳಿದ 5 ದಿನದೊಳಗೆ ಕೊಡಬೇಕು ಅಂತ ನಿಯಮ ಇದೆ. ಕೊನೆಯ ತಾರೀಖು ಹತ್ತಿರ ಇದ್ದರೆ ಮೊದಲು ರಿನ್ಯೂ, ಆಮೇಲೆ ವರ್ಗಾವಣೆ. ಅವನ ಕೆಲಸಕ್ಕೆ ಏನಾದರೂ ಕೊಡಿ. ವರ್ಷಗಟ್ಟಲೆ ನಿಮ್ಮ ಹೆಸರು ಕಾಪಾಡಿದ್ದಾನೆ ತಾನೇ?

ಅಪ್ಪಾರ ಹೆಸರಿನ್ಯಾಗ ಇತ್ತು. ಅವರು ತೀರಿಕೊಂಡ್ರು. ಲಾಗಿನ್ ಗೊತ್ತಿಲ್ಲ.

ಮೊದಲು ಅಪ್ಪನವರ ಸಿಮ್ ಚಾಲೂ ಇಡಿ, ಇಮೇಲ್ ಅವರ ಫೋನಿನಲ್ಲಿ ತೆರೆದಿದ್ದರೆ ಲಾಗ್ ಔಟ್ ಮಾಡಬೇಡಿ. ಬಹಳ ಜನ ತಿಂಗಳೊಳಗೆ ಸಿಮ್ ಬಂದ್ ಮಾಡಿಸಿಬಿಡುತ್ತಾರೆ. ರಿಜಿಸ್ಟ್ರಾರ್‌ಗೆ ಮರಣ ಪ್ರಮಾಣಪತ್ರ, ವಾರಸುದಾರರ ದಾಖಲೆ, ಫರ್ಮಿನ ಕಾಗದ ಕಳಿಸಿದರೆ ಹೆಸರು ಬದಲಿಸುತ್ತಾರೆ, ಆದರೆ ಸಮಯ ಹಿಡಿಯುತ್ತದೆ. ತಾರೀಖು ಹತ್ತಿರ ಇದ್ದರೆ ಅವರಿಗೆ ಫೋನ್ ಮಾಡಿ, ರಿನ್ಯೂವಲ್ ಹಣ ಮಾತ್ರ ಈಗ ಕಟ್ಟಬಹುದಾ ಅಂತ ಕೇಳಿ.

"ನಿಮ್ಮ ಡೊಮೈನ್ ಮುಗಿಯುತ್ತಿದೆ, ಇಂದೇ ಕಟ್ಟಿ" ಅಂತ ಬೇರೆ ಯಾವುದೋ ಕಂಪನಿಯಿಂದ ಮೇಲ್ ಬಂದಿದೆ. ಕಟ್ಟಬೇಕಾ?

ಬೇಡ. ನಿಮ್ಮ ರಿಜಿಸ್ಟ್ರಾರ್ ಬಿಟ್ಟು ಬೇರೆ ಯಾರಿಗೂ ರಿನ್ಯೂವಲ್ ಹಣ ಕಟ್ಟಬೇಕಿಲ್ಲ. ಆ ಇಮೇಲ್‌ನಲ್ಲಿರುವ ಲಿಂಕ್ ಒತ್ತದೆ ನೀವೇ ಖಾತೆಗೆ ಹೋಗಿ ನೋಡಿ.

ನಮ್ದು ಶಾಲೆ. ನಮ್ಮ ಪರಿಚಯದವರದ್ದು ಸಹಕಾರಿ ಬ್ಯಾಂಕು. ನಮಗೂ ಇದೇ ನಿಯಮನಾ?

ನಿಮ್ಮ ಶಾಲೆಯ ಹೆಸರು ಡಾಟ್ ಇಡಿಯು ಡಾಟ್ ಇನ್ ಅಥವಾ ಡಾಟ್ ಎಸಿ ಡಾಟ್ ಇನ್ ಅಂತ ಮುಗಿಯುತ್ತಿದ್ದರೆ ಅದನ್ನು ಕೊಡುವುದು ಅರ್ನೆಟ್ ಇಂಡಿಯಾ. ಶಿಕ್ಷಣ ಸಂಸ್ಥೆ ಅಂತ ದಾಖಲೆ ಬೇಕು. ದಾರಿಯಲ್ಲಿ ಹೋಗುವವರು ಕೊಳ್ಳಲು ಆಗುವುದಿಲ್ಲ. ಅಷ್ಟರಮಟ್ಟಿಗೆ ರಕ್ಷಣೆ ಜಾಸ್ತಿ. ಡಾಟ್ ಕಾಮ್ ಇದ್ದರೆ ಮೇಲೆ ಹೇಳಿದ್ದೆಲ್ಲ ನಿಮಗೂ ಅನ್ವಯ.

ಬ್ಯಾಂಕುಗಳದ್ದು ಬೇರೆ. 2025ರ ಅಕ್ಟೋಬರ್ 31ರೊಳಗೆ ಎಲ್ಲ ಬ್ಯಾಂಕುಗಳೂ ಡಾಟ್ ಬ್ಯಾಂಕ್ ಡಾಟ್ ಇನ್ ಹೆಸರಿಗೆ ಹೋಗಬೇಕು ಅಂತ ಆರ್‌ಬಿಐ ಹೇಳಿತ್ತು. ಒಳ್ಳೆಯ ಕೆಲಸ. ನನ್ನ ಅಳುಕು ಹಳೆಯ ಹೆಸರಿನ ಬಗ್ಗೆ. ಹೊಸದು ಬಂತು ಅಂತ ಹಳೆಯದನ್ನು ರಿನ್ಯೂ ಮಾಡದೆ ಬಿಟ್ಟರೆ, ವರ್ಷಗಳಿಂದ ಅದೇ ವಿಳಾಸ ಒತ್ತಿ ರೂಢಿಯಾದ ಖಾತೆದಾರರು ಯಾರ ಪುಟಕ್ಕೆ ಹೋಗುತ್ತಾರೆ?

## ಇನ್ನೂ ಒಳಗಿನ ಪ್ರಶ್ನೆಗಳು

ಲುಕಪ್‌ನಲ್ಲಿ ಮುಂದಿನ ವರ್ಷದ ತಾರೀಖು ತೋರಿಸ್ತಿದೆ. ಆದರೆ ಸೈಟ್ ಬಂದ್. ಹೇಗೆ?

ಡಾಟ್ ಕಾಮ್ ತಾರೀಖು ಮುಗಿದ ಕೂಡಲೇ ವೆರಿಸೈನ್ ತನ್ನ ದಾಖಲೆಯಲ್ಲಿ ತಾನಾಗಿಯೇ ಒಂದು ವರ್ಷ ಮುಂದೆ ಹಾಕುತ್ತದೆ. ನೀವು ಕಟ್ಟದಿದ್ದರೆ ರಿಜಿಸ್ಟ್ರಾರ್ ಆಮೇಲೆ ಅದನ್ನು ರದ್ದು ಮಾಡುತ್ತಾನೆ. ಆ ಮಧ್ಯದಲ್ಲಿ ನೋಡಿದವರಿಗೆ "ಓ, ರಿನ್ಯೂ ಆಗಿದೆ" ಅನ್ನಿಸುತ್ತದೆ. ತಾರೀಖಿನ ಜೊತೆ ಸ್ಥಿತಿಯನ್ನೂ ನೋಡಿ. ಆಟೋ ರಿನ್ಯೂ ಪೀರಿಯಡ್ ಅಂತ ಇದ್ದು ಸೈಟ್ ಬಂದ್ ಆಗಿದ್ದರೆ ನಿಮ್ಮ ಹಣ ಇನ್ನೂ ಸಂದಾಯವಾಗಿಲ್ಲ ಅಂತಲೇ ತಿಳಿಯಿರಿ.

ನಮ್ಮ ಡೊಮೈನ್‌ಗೆ ಹಣ ಕಟ್ಟಿದೆ, ಆದ್ರೂ ಸೈಟ್ ಎಲ್ಲೋ ಬೇರೆ ಕಡೆ ಹೋಗ್ತಿದೆ.

ನೇಮ್‌ಸರ್ವರ್ ನೋಡಿ. ನಿಮ್ಮ ಡೊಮೈನ್ ಎಲ್ಲಿಗೆ ಹೋಗಬೇಕು ಅಂತ ಹೇಳುವುದು ಅದೇ. ಎಷ್ಟೋ ಡಿಸೈನರ್‌ಗಳು ಎಲ್ಲ ಗಿರಾಕಿಗಳ ನೇಮ್‌ಸರ್ವರ್‌ಗಳನ್ನೂ ತಮ್ಮ ಸ್ವಂತ ಡೊಮೈನ್ ಕೆಳಗೆ ಇಟ್ಟಿರುತ್ತಾರೆ. ಅವರ ಆ ಒಂದು ಡೊಮೈನ್ ಮುಗಿದರೆ ನಿಮ್ಮದೂ, ನಿಮ್ಮಂಥ ಇನ್ನೆಷ್ಟೋ ಅಂಗಡಿಗಳದ್ದೂ ಒಟ್ಟಿಗೆ ಮಲಗುತ್ತವೆ. ಅದನ್ನು ಬೇರೆಯವರು ಕೊಂಡರೆ ಅಷ್ಟೂ ಸೈಟ್, ಅಷ್ಟೂ ಮೇಲ್ ತಮಗೆ ಬೇಕಾದ ಕಡೆ ತಿರುಗಿಸಬಹುದು. ನೇಮ್‌ಸರ್ವರನ್ನು ನಿಮ್ಮ ರಿಜಿಸ್ಟ್ರಾರ್‌ದಕ್ಕೋ ಹೋಸ್ಟಿಂಗ್ ಕಂಪನಿಯದಕ್ಕೋ ನೇರವಾಗಿ ಬದಲಿಸಿ.

ಬೇರೆಯವರು ತಗೊಂಡ್ಬಿಟ್ಟಿದ್ದಾರೆ. ವಾಪಸ್ ಪಡೀಬಹುದಾ?

ಕೆಲವು ಸಲ. ಡಾಟ್ ಕಾಮ್‌ಗೆ ಯುಡಿಆರ್‌ಪಿ ಅನ್ನುವ ದೂರಿನ ವ್ಯವಸ್ಥೆ ಇದೆ, ಡಾಟ್ ಇನ್‌ಗೆ ಐಎನ್‌ಡಿಆರ್‌ಪಿ. ಎರಡರಲ್ಲೂ ಮೂರು ವಿಷಯ ತೋರಿಸಬೇಕು: ಹೆಸರು ನಿಮ್ಮ ಟ್ರೇಡ್‌ಮಾರ್ಕಿನಂತೆಯೇ ಇದೆ, ಎದುರಿನವರಿಗೆ ಅದರ ಮೇಲೆ ನ್ಯಾಯವಾದ ಹಕ್ಕಿಲ್ಲ, ಕೆಟ್ಟ ಉದ್ದೇಶದಿಂದ ಇಟ್ಟುಕೊಂಡಿದ್ದಾರೆ. ಸ್ವಿಟ್ಜರ್ಲೆಂಡಿನ ವೈಪೊ ಅನ್ನುವ ಸಂಸ್ಥೆಯ ಹತ್ತಿರ ಯುಡಿಆರ್‌ಪಿ ಹಾಕಲು ಒಬ್ಬ ತೀರ್ಪುಗಾರರಿದ್ದರೆ 1,500 ಡಾಲರ್ ಶುಲ್ಕ, ವಕೀಲರ ಖರ್ಚು ಬೇರೆ. ಸಣ್ಣ ವ್ಯಾಪಾರಿಗೆ ಇದು ಸಣ್ಣ ಖರ್ಚಲ್ಲ.

2004ರಲ್ಲಿ ಸತ್ಯಂ ಇನ್ಫೋವೇ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಡೊಮೈನ್ ಹೆಸರಿಗೂ ಟ್ರೇಡ್‌ಮಾರ್ಕಿನ ಥರದ ರಕ್ಷಣೆ ಇದೆ ಅಂದಿದೆ. ಹಾಗಾಗಿ ಕೋರ್ಟಿನ ದಾರಿಯೂ ತೆರೆದಿದೆ. ಆದರೆ ನೀವೇ ಬಿಟ್ಟ ಹೆಸರನ್ನು ಒಬ್ಬರು ನಿಯಮದ ಪ್ರಕಾರ ಕೊಂಡು ತಮ್ಮದೇ ವ್ಯಾಪಾರಕ್ಕೆ ಬಳಸುತ್ತಿದ್ದರೆ ಗೆಲ್ಲುವುದು ಕಷ್ಟ. ನಿಮ್ಮ ಬ್ರ್ಯಾಂಡಿನ ಹೆಸರಿಗೆ ಟ್ರೇಡ್‌ಮಾರ್ಕ್ ಇಲ್ಲದಿದ್ದರೆ ಇನ್ನೂ ಕಷ್ಟ. ಅಂಥ ಕಡೆ ಎದುರಿನವರ ಬೆಲೆ ಕೇಳುವುದೇ ಅಗ್ಗ ಬೀಳಬಹುದು. ನಿಮಗೆ ಅದು ಎಷ್ಟು ಬೇಕಾಗಿದೆ ಅಂತ ಮಾತ್ರ ಬಾಯಿ ಬಿಡಬೇಡಿ.

ಕನ್ನಡದಲ್ಲೇ ಡಾಟ್ ಭಾರತ ಹೆಸರು ತಗೊಂಡಿದೀವಿ. ಅದಕ್ಕೂ ರಿನ್ಯೂ ಬೇಕಾ?

ಬೇಕು. ಅದು ಪ್ರತ್ಯೇಕ ಡೊಮೈನ್. ಡಾಟ್ ಇನ್ ರಿನ್ಯೂ ಮಾಡಿದರೆ ಇದು ತಾನಾಗಿ ಆಗುವುದಿಲ್ಲ.

ಧಂದೆ ಮುಚ್ಚಿದ್ವಿ. ಇನ್ನ ಡೊಮೈನ್ ಬಿಟ್ಟುಬಿಡಬಹುದಾ?

ಈಗಲೇ ಬೇಡ. ಧಂದೆ ಮುಚ್ಚಿದ ಸುದ್ದಿ ನಿಮ್ಮ ಹಳೆಯ ಗಿರಾಕಿಗಳಿಗೆ, ಬ್ಯಾಂಕಿಗೆ, ತೆರಿಗೆ ಇಲಾಖೆಗೆ ತಲುಪಲು ಸಮಯ ಬೇಕು. ಪುಟ ತೆಗೆಯಿರಿ, ಹೋಸ್ಟಿಂಗ್ ಬಿಡಿ, ಡೊಮೈನ್ ಮತ್ತು ಮೇಲ್ ಮಾತ್ರ ಕನಿಷ್ಠ ಎರಡು ಮೂರು ವರ್ಷ ಇಟ್ಟುಕೊಳ್ಳಿ. ಆ ಮೇಲಿಗೆ ಬರುವುದನ್ನು ನೋಡುತ್ತಿರಿ. ಯಾವ ಖಾತೆಯಿಂದ ಪತ್ರ ಬರುತ್ತದೋ ಆ ಖಾತೆಯಲ್ಲಿ ಇಮೇಲ್ ಬದಲಿಸಿ: ಜಿಎಸ್‌ಟಿ, ಉದ್ಯಮ್, ಎಫ್‌ಎಸ್‌ಎಸ್‌ಎಐ, ಬ್ಯಾಂಕು, ಫೇಸ್‌ಬುಕ್. ಒಂದು ವರ್ಷ ಪೂರ್ತಿ ಜಾಹೀರಾತು ಬಿಟ್ಟು ಬೇರೆ ಏನೂ ಬರಲಿಲ್ಲ ಅಂದರೆ ಆಗ ಆಟೋ ರಿನ್ಯೂ ತೆಗೆದು ಬಿಟ್ಟುಬಿಡಿ.